ಪೇಪರಾ, ಹುಲ್ಲಾ, ಕವರಾ? ತರಕಾರಿ ಸಾಲಿಗೆ ಯಾವುದು ಸರಿ

ಡಿಸೆಂಬರ್ ಕಳೆಯುತ್ತಿದ್ದಂತೆ ನನ್ನ ಫೋನಿಗೆ ಒಂದೇ ಥರದ ಪ್ರಶ್ನೆಗಳು ಬರೋಕೆ ಶುರುವಾಗುತ್ತವೆ. "ಅಣ್ಣ, ಕಲ್ಲಂಗಡಿ ಹಾಕ್ತಾ ಇದೀನಿ, ಪೇಪರ್ ಒಂದೇ ಸಾಕಾ, ಮೇಲೆ ಕವರೂ ಬೇಕಾ?" "ಪೇಪರ್‌ಗೆ ದುಡ್ಡು ಸುರಿಯೋ ಬದಲು ಹುಲ್ಲು ಹಾಸಿದ್ರೆ ನಡೆಯಲ್ವಾ?" ಮೊನ್ನೆ ಒಬ್ಬರು ಹರಿಯಾಣದ ಯಾವುದೋ ವೀಡಿಯೊ ಕಳಿಸಿ, ಸಾಲಿನ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಕಮಾನು ಕಟ್ಟಿದ್ದನ್ನು ತೋರಿಸಿ, "ನಮ್ಮ ಮುಳಬಾಗಿಲಲ್ಲೂ ಇದನ್ನೇ ಮಾಡೋಣ ಅಂತಿದೀನಿ" ಅಂದರು. ಅವರನ್ನು ತಡೆದದ್ದು ಒಳ್ಳೆಯದಾಯಿತು. ಯಾಕೆ ಅಂತ ಮುಂದೆ ಹೇಳುತ್ತೇನೆ.

ನಾನು ಕೋಲಾರ ಕಡೆಯವನು. ಟೊಮೆಟೊ, ಮೆಣಸಿನಕಾಯಿ, ವರ್ಷಕ್ಕೊಂದು ಸಲ ಕಲ್ಲಂಗಡಿ ಅಥವಾ ಸೌತೆ. ಇವೆಲ್ಲವನ್ನೂ ಒಂದಲ್ಲ ಒಂದು ಸಾಲಿನಲ್ಲಿ ಹಾಕಿ ನೋಡಿದ್ದೇನೆ, ಕೆಲವದರಲ್ಲಿ ಕೈ ಸುಟ್ಟುಕೊಂಡಿದ್ದೇನೆ. ಗೊಂದಲ ಹುಟ್ಟುವುದು ಒಂದೇ ಕಡೆ. ಪೇಪರ್ (ಸಾಲಿನ ಮಣ್ಣಿನ ಮೇಲೆ ಹಾಸುವ ಪ್ಲಾಸ್ಟಿಕ್ ಹಾಳೆ), ಹುಲ್ಲು ಎರಡೂ ನೆಲ ಕಾಯುತ್ತವೆ. ಕಳೆ, ತೇವ, ಮಣ್ಣಿನ ಬಿಸಿ ಅವುಗಳ ಲೆಕ್ಕ. ಕಮಾನು ಕಟ್ಟಿ ಮೇಲೆ ಕವರ್ ಹೊದಿಸುವ ಟನಲ್ ಗಿಡ ಕಾಯುತ್ತದೆ. ಹುಳ, ಬಿಸಿಲು, ಚಳಿ, ಮಳೆ ಅದರ ಲೆಕ್ಕ. ಕಳೆಯಿಂದ ಹಾಳಾಗುವ ಹೊಲಕ್ಕೆ ಟನಲ್ ಕಟ್ಟಿದರೆ ಪ್ರಯೋಜನ ಇಲ್ಲ. ಹುಳ ತರುವ ವೈರಸ್‌ನಿಂದ ಹಾಳಾಗುವ ಹೊಲಕ್ಕೆ ಹುಲ್ಲು ಹಾಸಿದರೂ ಅಷ್ಟೇ.

ಅಂಗಡಿಗೆ ಹೋಗೋ ಮೊದಲು

ಒಂದು ಸಲ ಕೂತು ಯೋಚನೆ ಮಾಡಿ: ಹೋದ ಬೆಳೆಯಲ್ಲಿ ದುಡ್ಡು ಹೋಗಿದ್ದು ಎಲ್ಲಿ? ಕಳೆ ತೆಗೆಸೋಕೆ ಮೂರು ಸಲ ಆಳು ಕರೆದಿರಾ? ಬೋರಿನ ನೀರು ಏಪ್ರಿಲ್‌ನಲ್ಲಿ ಕೈಕೊಟ್ಟಿತಾ? ನಾಟಿ ಮಾಡಿ ಇಪ್ಪತ್ತು ದಿನಕ್ಕೇ ಎಲೆ ಮುದುಡಿತಾ? ಈ ಉತ್ತರ ಇಲ್ಲದೆ ಮುಂದೆ ಹೋಗಬೇಡಿ.

ಎರಡನೆಯದು ತಿಂಗಳು. ಜೂನ್‌ನ ಟೊಮೆಟೊಗೆ ಬೇಕಾದದ್ದು ಬೇರೆ, ಫೆಬ್ರವರಿಯ ಟೊಮೆಟೊಗೆ ಬೇಕಾದದ್ದು ಬೇರೆ. ಮೂರನೆಯದು ಡ್ರಿಪ್ (ಹನಿ ನೀರಾವರಿ) ಇದೆಯೋ ಇಲ್ಲವೋ. ಕಾಲುವೆಯಲ್ಲಿ ನೀರು ಹಾಯಿಸುವವರು ಪೇಪರ್ ವಿಷಯ ಸದ್ಯಕ್ಕೆ ಬಿಟ್ಟುಬಿಡಿ. ನೀರು ಒಳಗೆ ಸಮನಾಗಿ ಹೋಗಲ್ಲ, ಮೇಲುಗೊಬ್ಬರ ಕೊಡೋಕೆ ದಾರಿಯೇ ಇರಲ್ಲ. ನಾಲ್ಕನೆಯದು ಬೆಳೆಯ ಆಯಸ್ಸು. ಮೂವತ್ತು ದಿನದ ಕೊತ್ತಂಬರಿಗೆ ಪೇಪರ್ ಹಾಕಿ ತೂತು ಕೊರೆಯುತ್ತಾ ಕೂರೋರು ಯಾರು? ಕೊನೆಯದು ಕೈಯಲ್ಲಿರುವ ದುಡ್ಡು ಮತ್ತು ಮನೆಯಲ್ಲಿರುವ ಆಳು, ಎರಡೂ ಸೇರಿ. ಟನಲ್ ಅಂದರೆ ಕಟ್ಟಿದ ಮೇಲೂ ಕೆಲಸ. ಬೆಳಿಗ್ಗೆ ನೋಡಬೇಕು, ಗಾಳಿ ಬಂದರೆ ಓಡಬೇಕು.

ಹುಲ್ಲು, ತರಗು, ಸೊಪ್ಪು

ಅಗ್ಗ ಅಂತ ಎಲ್ಲರೂ ಅಂದುಕೊಳ್ಳುವುದು ಇದನ್ನೇ. ಅದು ನಿಮ್ಮ ಊರು ಯಾವುದು ಅನ್ನೋದರ ಮೇಲೆ ನಿಂತಿದೆ. ಮಂಡ್ಯದ ಕಡೆ ಕಬ್ಬಿನ ತರಗು, ಮಲೆನಾಡಲ್ಲಿ ಒಣಗಿದ ಎಲೆ, ತೋಟ ಇದ್ದವರಿಗೆ ತೆಂಗಿನ ಗರಿ, ಅಡಿಕೆ ಹಾಳೆ. ಇವೆಲ್ಲ ಕೈಗೆಟಕುವಷ್ಟಿವೆ. ನಮ್ಮ ಕಡೆ ರಾಗಿ ಹುಲ್ಲನ್ನು ನೆಲಕ್ಕೆ ಹಾಸುತ್ತೀನಿ ಅಂದರೆ ಮನೆಯಲ್ಲಿ ಹಸು ಇರೋರು ನಗುತ್ತಾರೆ. ತೆಳ್ಳಗೆ ಹಾಸಿದರೂ ಎಕರೆಗೆ ಎರಡು ಟನ್ ಬೇಕು. ಕಳೆ ನಿಜವಾಗಿ ನಿಲ್ಲಬೇಕು ಅಂದರೆ ಮೂರು ನಾಲ್ಕು ಇಂಚು ದಪ್ಪ ಇರಬೇಕು, ಆಗ ಲೆಕ್ಕ ಇನ್ನೂ ಮೇಲೆ ಹೋಗುತ್ತದೆ. ಹುಲ್ಲು ಕೊಳ್ಳಬೇಕಾದ ಊರಲ್ಲಿ ಪೇಪರೇ ಅಗ್ಗ. ಇದನ್ನು ಸಾವಯವದ ಗೆಳೆಯರಿಗೆ ಹೇಳಿದರೆ ಬೇಜಾರು ಮಾಡಿಕೊಳ್ಳುತ್ತಾರೆ, ಆದರೆ ಕೂಡಿಸಿ ನೋಡಿದರೆ ಹಾಗೇ ಬರುತ್ತದೆ.

ಹುಲ್ಲಿಗೆ ಒಂದು ದೊಡ್ಡ ಗುಣ ಇದೆ. ಮಣ್ಣು ತಂಪಾಗಿರುತ್ತದೆ. ಮಾರ್ಚ್ ಏಪ್ರಿಲ್‌ನಲ್ಲಿ ಮಧ್ಯಾಹ್ನ ಬರಿಗಾಲಲ್ಲಿ ಸಾಲಿನ ಮಧ್ಯೆ ನಿಲ್ಲೋಕಾಗಲ್ಲ. ಅದೇ ಹುಲ್ಲನ್ನು ಸರಿಸಿ ಕೆಳಗೆ ಕೈ ಇಟ್ಟರೆ ಮಡಕೆ ನೀರಿನಷ್ಟು ತಣ್ಣಗಿರುತ್ತದೆ. ಬದನೆ, ಬೆಂಡೆ, ನುಗ್ಗೆ, ಬಳ್ಳಿ ತರಕಾರಿಗೆ ಬೇಸಿಗೆಯಲ್ಲಿ ಇದು ಬಹಳ ಹಿಡಿಸುತ್ತದೆ. ಮೇಲಿಂದ ನೀರು ಕೊಟ್ಟರೂ ನಡೆಯುತ್ತದೆ, ಬೆಳೆ ಮುಗಿದ ಮೇಲೆ ಕೊಳೆತು ಮಣ್ಣಿಗೇ ಸೇರುತ್ತದೆ. ಕಿತ್ತು ಎಸೆಯುವ ರಗಳೆ ಇಲ್ಲ.

ಕಷ್ಟಗಳೂ ಇವೆ. ಕೆಂಪು ಮಣ್ಣಿನಲ್ಲಿ ಗೆದ್ದಲು ಬೇಗ ಹತ್ತುತ್ತದೆ. ಮಳೆಗಾಲದಲ್ಲಿ ಬಸವನಹುಳು, ಇಲಿ ಅದರ ಕೆಳಗೆ ಸಂಸಾರ ಹೂಡುತ್ತವೆ. ಹುಲ್ಲಿನ ಜೊತೆ ಕಳೆಬೀಜವೂ ಹೊಲಕ್ಕೆ ಬರಬಹುದು. ಒಣಹುಲ್ಲನ್ನು ಮಣ್ಣಿಗೆ ಸೇರಿಸಿ ಉಳಬೇಡಿ. ಕೊಳೆಯುವಾಗ ಮಣ್ಣಿನ ಸಾರಜನಕವನ್ನು ಎಳೆದುಕೊಂಡು ಗಿಡ ಹಳದಿಯಾಗುತ್ತದೆ. ಮೇಲೆ ಸುಮ್ನೆ ಹಾಸಿದ್ದರೆ ಅಷ್ಟು ತೊಂದರೆ ಇಲ್ಲ. ಬದುವಿನಲ್ಲಿ ಗ್ಲಿರಿಸಿಡಿಯಾ ಇದ್ದರೆ ಸೊಪ್ಪು ಸವರಿ ಹುಲ್ಲಿನ ಮೇಲೆ ಹಾಕಿ, ಅದರಲ್ಲಿ ಸಾರಜನಕ ಚೆನ್ನಾಗಿದೆ. ಬುಡಕ್ಕೆ ಮಾತ್ರ ಅಂಟಿಸಬೇಡಿ. ನಾಲ್ಕು ಬೆರಳು ಜಾಗ ಬಿಡಿ.

ಮಲ್ಚಿಂಗ್ ಪೇಪರ್

ಹೆಸರು ಪೇಪರ್, ಇರೋದು ಪ್ಲಾಸ್ಟಿಕ್. ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ರೋಲ್ ನಾಲ್ಕು ಅಡಿ ಅಗಲ, 400 ಮೀಟರ್ ಉದ್ದ. ಬಣ್ಣ, ದಪ್ಪ ಎರಡನ್ನು ನೋಡಬೇಕು.

ಬೆಳ್ಳಿ-ಕಪ್ಪು ನಮ್ಮಲ್ಲಿ ಜಾಸ್ತಿ ಓಡೋದು, ಅದಕ್ಕೆ ಕಾರಣವೂ ಇದೆ. ಕಪ್ಪು ಮುಖ ಕೆಳಗೆ ಇದ್ದು ಬೆಳಕು ತಡೆಯುತ್ತದೆ, ಕಳೆ ಹುಟ್ಟಲ್ಲ. ಬೆಳ್ಳಿ ಮುಖ ಮೇಲೆ ಇದ್ದು ಬೆಳಕನ್ನು ಎಲೆಯ ಅಡಿಗೆ ಎಸೆಯುತ್ತದೆ. ಬಿಳಿನೊಣ, ಗಿಡದ ಹೇನು, ಥ್ರಿಪ್ಸ್ (ರಸ ಹೀರುವ ತೀರಾ ಸಣ್ಣ ಹುಳ) ಇವಕ್ಕೆ ಆ ಹೊಳಪು ಆಗಲ್ಲ, ಇಳಿಯೋಕೆ ಜಾಗ ತಿಳಿಯದೆ ತಡವರಿಸುತ್ತವೆ. 2021ರಲ್ಲಿ ಕಪ್ಪು ಥ್ರಿಪ್ಸ್ ಬಂದು ಮೆಣಸಿನಕಾಯಿ ಹೂವನ್ನೆಲ್ಲ ತಿಂದ ಮೇಲೆ ಎಷ್ಟೋ ಜನ ಬೆಳ್ಳಿ ಪೇಪರ್‌ಗೆ ತಿರುಗಿದರು. ಒಂದು ವಿಷಯ ಮಾತ್ರ ಮಾರೋರು ಹೇಳಲ್ಲ. ಗಿಡ ಹರಡಿ ಪೇಪರನ್ನು ಅರ್ಧಕ್ಕಿಂತ ಜಾಸ್ತಿ ಮುಚ್ಚಿದ ಮೇಲೆ ಹೊಳಪಿನ ಕೆಲಸ ಮುಗಿಯಿತು. ಮೊದಲ ತಿಂಗಳು, ತಿಂಗಳೂವರೆ ಅದರ ಕಾಲ. ಆಮೇಲೆ ಅದು ಬರೀ ಕಳೆ ತಡೆಯುವ ಪೇಪರ್.

ಪೂರ್ತಿ ಕಪ್ಪು ಪೇಪರ್ ಮಣ್ಣನ್ನು ಬಿಸಿ ಮಾಡುತ್ತದೆ. ನವೆಂಬರ್-ಡಿಸೆಂಬರ್ ನಾಟಿಗೆ ಚೆನ್ನ, ಮಾರ್ಚ್ ನಾಟಿಗೆ ಬೇಡ. ಪಾರದರ್ಶಕ ಪೇಪರನ್ನು ಬೆಳೆಗೆ ಹಾಕಬೇಡಿ, ಅದರ ಕೆಳಗೆ ಕಳೆ ಹಬ್ಬ ಮಾಡುತ್ತದೆ. ಅದು ಬೇರೆ ಕೆಲಸಕ್ಕೆ ಬರುತ್ತದೆ. ಏಪ್ರಿಲ್-ಮೇನಲ್ಲಿ ಖಾಲಿ ಸಸಿಮಡಿಗೆ ಚೆನ್ನಾಗಿ ನೀರು ಕೊಟ್ಟು, ಪಾರದರ್ಶಕ ಹಾಳೆ ಬಿಗಿಯಾಗಿ ಹೊದಿಸಿ ನಾಲ್ಕರಿಂದ ಆರು ವಾರ ಬಿಟ್ಟರೆ ಬಿಸಿಲೇ ಕಳೆಬೀಜ, ರೋಗದ ಶಿಲೀಂಧ್ರ ಎಷ್ಟನ್ನೋ ಬೇಯಿಸಿಹಾಕುತ್ತದೆ.

ದಪ್ಪ: ತರಕಾರಿಗೆ 25 ಮೈಕ್ರಾನ್. ಅದೇ ಬೆಡ್‌ನಲ್ಲಿ (ಎತ್ತರಿಸಿದ ಮಣ್ಣಿನ ಸಾಲು) ಟೊಮೆಟೊ ಆದ ಮೇಲೆ ಬೀನ್ಸ್ ಅಥವಾ ಸೌತೆ ಇಡುವ ಯೋಚನೆ ಇದ್ದರೆ 30. ಅದಕ್ಕಿಂತ ತೆಳು ಪೇಪರ್ ಸ್ವಲ್ಪ ಅಗ್ಗಕ್ಕೆ ಸಿಗುತ್ತದೆ, ತಗೋಬೇಡಿ. ಬೆಳೆ ಮುಗಿದಾಗ ಅದು ಕೈಗೆ ಚೂರು ಚೂರಾಗಿ ಬರುತ್ತದೆ.

ಈಗ ಲೆಕ್ಕ. ಬೆಡ್‌ನಿಂದ ಬೆಡ್‌ಗೆ ಐದು ಅಡಿ ಇಟ್ಟರೆ ಎಕರೆಗೆ ಸುಮಾರು 2,700 ಮೀಟರ್ ಬೆಡ್ ಬರುತ್ತದೆ. ಏಳು ರೋಲ್. ಆರು ಅಡಿ ಇಟ್ಟರೆ ಆರು ರೋಲ್ ಸಾಕು. ರೋಲ್‌ಗೆ 2,000 ರೂಪಾಯಿ ಅಂತ ಹಿಡಿದುಕೊಂಡರೆ 12ರಿಂದ 14 ಸಾವಿರ. ದರ ಏರಿಳಿಯುತ್ತದೆ, ನಿಮ್ಮೂರ ಅಂಗಡಿಯಲ್ಲಿ ಕೇಳಿ ನೀವೇ ಗುಣಿಸಿಕೊಳ್ಳಿ. ಎದುರಿಗೆ ಏನು ಉಳಿಯುತ್ತದೆ ನೋಡಿ. ಆಳಿಗೆ 400 ರೂಪಾಯಿ ಕೂಲಿಯಂತೆ, ಒಂದು ಸಲ ಕಳೆ ತೆಗೆಯೋಕೆ ಎಕರೆಗೆ ಹತ್ತು ಹನ್ನೆರಡು ಆಳು ಹಿಡಿದರೆ, ಮೂರು ಸಲಕ್ಕೆ ಪೇಪರ್ ದುಡ್ಡು ವಾಪಸ್. ನೀರಿನ ಉಳಿತಾಯ, ಮಣ್ಣು ಎಲೆಗೆ ಸಿಡಿಯದೆ ಅಂಗಮಾರಿ ಕಡಿಮೆಯಾಗೋದು, ಕಾಯಿ ಚೊಕ್ಕಟವಾಗಿರೋದು, ಇವೆಲ್ಲ ಮೇಲಿನ ಲಾಭ. ತೋಟಗಾರಿಕೆ ಇಲಾಖೆಯ ಸಹಾಯಧನವೂ ಇದೆ. ಇಲಾಖೆ ನಿಗದಿ ಮಾಡಿದ ವೆಚ್ಚದ ಮೇಲೆ ಕೊಡುತ್ತಾರೆ, ನಿಮ್ಮ ಬಿಲ್ಲಿನ ಮೇಲಲ್ಲ. ಪೇಪರ್ ಕೊಳ್ಳುವ ಮೊದಲೇ ತಾಲ್ಲೂಕು ಕಚೇರಿಗೆ ಹೋಗಿ ವಿಚಾರಿಸಿ. ಹಾಸಿ ಆದ ಮೇಲೆ ಹೋದರೆ ಕೇಳೋರಿಲ್ಲ.

ಹಾಸುವಾಗ ಆಗುವ ತಪ್ಪು ನನ್ನಿಂದಲೇ ಆಗಿದೆ, ಕೇಳಿ. ಮೊದಲ ವರ್ಷ ಮಟಮಟ ಮಧ್ಯಾಹ್ನ ಪೇಪರ್ ಎಳೆದೆವು. ಬಿಸಿಲಿಗೆ ಅದು ಹಿಗ್ಗಿರುತ್ತದೆ, ಎಷ್ಟು ಎಳೆದರೂ ಸಡಿಲ. ಗಾಳಿಗೆ ಪಟಪಟ ಬಡಿದು ಸಸಿಯ ಕುತ್ತಿಗೆ ಕುಯ್ದಿತು. ಇನ್ನು ತೂತು ಸಣ್ಣದಾಗಿತ್ತು, ಸಸಿಯ ಬುಡ ಪೇಪರ್‌ಗೆ ತಾಗುತ್ತಿತ್ತು. ಒಳಗಿನ ಬಿಸಿಗಾಳಿಗೆ ಆ ತೂತೇ ಕಿಟಕಿ. ಮೂರನೇ ದಿನ ಹೋಗಿ ನೋಡಿದರೆ ಮಣ್ಣಿನ ಮಟ್ಟದಲ್ಲಿ ಬುಡ ಕಂದು ಬಣ್ಣಕ್ಕೆ ತಿರುಗಿ, ಬೆಂಕಿಕಡ್ಡಿಯಷ್ಟು ಸಣ್ಣಗಾಗಿತ್ತು. ಸಾಲಿಗೆ ಸಾಲೇ ಮತ್ತೆ ನಾಟಿ. ಈಗ ಬೆಳಿಗ್ಗೆ ತಂಪಿನಲ್ಲಿ ಹಾಸುತ್ತೇವೆ, ಅಂಚನ್ನು ಅರ್ಧ ಅಡಿ ಮಣ್ಣಲ್ಲಿ ಹೂಳುತ್ತೇವೆ, ಎರಡೂವರೆ ಇಂಚಿನ ತೂತು ಮಾಡಿ, ನಾಟಿ ಆದ ಕೂಡಲೇ ಸುತ್ತ ಒಂದು ಹಿಡಿ ಮಣ್ಣು ಹಾಕಿ ಮುಚ್ಚುತ್ತೇವೆ. ಹಾಸೋ ಮುಂಚೆ ಡ್ರಿಪ್ ಪೈಪ್ ಓಡಿಸಿ ಪ್ರತಿ ತೂತಲ್ಲೂ ನೀರು ಬರುತ್ತಾ ನೋಡೋದನ್ನು ಮರೆಯಬೇಡಿ.

ಟನಲ್: ಯಾವ ಬಟ್ಟೆ ಹೊದಿಸ್ತೀರಿ ಅನ್ನೋದೇ ಮುಖ್ಯ

ಕಮಾನು ಎಲ್ಲದಕ್ಕೂ ಒಂದೇ. ಜಿಐ ತಂತಿ ಅಥವಾ ಬಿದಿರಿನ ಸೀಳು ಬಗ್ಗಿಸಿ, ಒಂದೂವರೆಯಿಂದ ಎರಡು ಅಡಿ ಎತ್ತರ ಬರುವಂತೆ ಎರಡು ಮೀಟರ್‌ಗೊಂದು ನೆಡೋದು. ವ್ಯತ್ಯಾಸ ಇರೋದು ಮೇಲಿನ ಹೊದಿಕೆಯಲ್ಲಿ.

ಪಾರದರ್ಶಕ ಪ್ಲಾಸ್ಟಿಕ್ ಹೊದಿಸೋದು ಉತ್ತರ ಭಾರತದ ಪದ್ಧತಿ. ಹರಿಯಾಣ, ಪಂಜಾಬ್, ರಾಜಸ್ಥಾನದಲ್ಲಿ ಡಿಸೆಂಬರ್-ಜನವರಿಯ ಕೊರೆಯುವ ಚಳಿಗೆ ಕರಬೂಜ, ಸೌತೆ ಮೊಳೆಯೋದೇ ಇಲ್ಲ. ಪ್ಲಾಸ್ಟಿಕ್ ಕೆಳಗೆ ಬೆಚ್ಚಗೆ ಬೆಳೆಸಿ, ಬೇಸಿಗೆ ಮಾರುಕಟ್ಟೆಗೆ ಎಲ್ಲರಿಗಿಂತ ಮುಂಚೆ ಕಾಯಿ ತರುತ್ತಾರೆ. ಅಲ್ಲಿ ಅದು ಸರಿ. ನಮ್ಮ ಬಯಲುಸೀಮೆಯಲ್ಲಿ ಜನವರಿಯಲ್ಲೂ ಮಧ್ಯಾಹ್ನದ ಬಿಸಿಲು ಸುಡುತ್ತದೆ, ಅದರೊಳಗೆ ಗಿಡ ಬೇಯುತ್ತದೆ. ಮುಳಬಾಗಿಲಿನ ಗೆಳೆಯರಿಗೆ ಬೇಡ ಅಂದಿದ್ದು ಇದಕ್ಕೇ. ಬೀದರ್ ಕಡೆ ಚಳಿ ಜೋರಾಗಿರುವ ವಾರಗಳಲ್ಲಿ ಸಸಿಮಡಿಗೆ ರಾತ್ರಿ ಹೊದಿಸಿ ಬೆಳಿಗ್ಗೆ ತೆಗೆಯುವಷ್ಟಕ್ಕೆ ಬೇಕಾದರೆ ಇಟ್ಟುಕೊಳ್ಳಿ.

ನಮಗೆ ಹೊಂದೋದು ಕ್ರಾಪ್ ಕವರ್. ಬಿಳಿ, ನೇಯ್ದಿಲ್ಲದ ಬಟ್ಟೆ, 17ರಿಂದ 20 ಜಿಎಸ್‌ಎಂ, ಅಂದರೆ ಚದರ ಮೀಟರ್‌ಗೆ ಅಷ್ಟು ಗ್ರಾಂ ತೂಕ. ಕೈಯಲ್ಲಿ ಹಿಡಿದರೆ ಆಸ್ಪತ್ರೆಯ ಮಾಸ್ಕ್ ನೆನಪಾಗುತ್ತದೆ. ಗಾಳಿ ಆಡುತ್ತದೆ, ಬೆಳಕು ಹೋಗುತ್ತದೆ, ನೀರೂ ಇಳಿಯುತ್ತದೆ, ಥ್ರಿಪ್ಸ್‌ನಷ್ಟು ಸಣ್ಣ ಹುಳಕ್ಕೂ ದಾರಿ ಸಿಗಲ್ಲ. ಟೊಮೆಟೊದ ಎಲೆ ಮುದುಡು ವೈರಸ್ ಬಿಳಿನೊಣದಿಂದ ಬರುತ್ತದೆ, ಕಲ್ಲಂಗಡಿಯ ಕುಡಿ ಒಣಗಿಸುವ ವೈರಸ್ ಥ್ರಿಪ್ಸ್‌ನಿಂದ. ಎರಡಕ್ಕೂ ಒಂದೇ ನಿಯಮ. ಎಷ್ಟು ಎಳೆಯ ಗಿಡಕ್ಕೆ ತಗಲಿತೋ ಅಷ್ಟು ನಷ್ಟ. ಮೊದಲ ತಿಂಗಳು ತಪ್ಪಿಸಿದರೆ ಆಮೇಲೆ ರೋಗ ಬಂದರೂ ಬುಟ್ಟಿ ಖಾಲಿ ಆಗಲ್ಲ. ಹಾಗಾಗಿ ನೀವು ಇಲ್ಲಿ ಕೊಳ್ಳುತ್ತಿರೋದು ಇಪ್ಪತ್ತೈದು ಮೂವತ್ತು ದಿನ.

ಆ ದಿನಗಳನ್ನು ಮೀರಿ ದುರಾಸೆ ಪಟ್ಟರೆ ಏನಾಗುತ್ತದೆ ಅಂತಲೂ ನೋಡಿದ್ದೇನೆ. ಒಂದು ವರ್ಷ ಸೌತೆಗೆ ಕವರ್ ಹಾಕಿದ್ದೆ. ಬಳ್ಳಿ ಎಷ್ಟು ಸೊಗಸಾಗಿತ್ತು ಅಂದರೆ ತೆಗೆಯೋಕೆ ಮನಸ್ಸೇ ಬರಲಿಲ್ಲ. ಇನ್ನೊಂದು ವಾರ ಇರಲಿ ಅಂತ ಬಿಟ್ಟೆ. ಒಳಗೆ ಹೆಣ್ಣುಹೂ ಬಿಟ್ಟಿತ್ತು, ಹಿಂದೆ ಕಿರುಬೆರಳಷ್ಟು ಮಿಡಿ. ಜೇನು ಒಳಗೆ ಬರೋದಾದರೂ ಹೇಗೆ? ಮಿಡಿಯೆಲ್ಲ ಹಳದಿಯಾಗಿ, ತುದಿ ಸುಕ್ಕಾಗಿ ಉದುರಿತು. ಮೊದಲ ಕೊಯ್ಲು ಪೂರ್ತಿ ಹೋಯಿತು. ಕಲ್ಲಂಗಡಿ, ಕರಬೂಜ, ಸೌತೆ, ಹಾಗಲ, ಹೀರೆ ಎಲ್ಲಕ್ಕೂ ಇದೇ ಮಾತು. ಮೊದಲ ಹೆಣ್ಣುಹೂ ಕಂಡ ದಿನ ಕವರ್ ತೆಗೆಯಬೇಕು. ಟೊಮೆಟೊಗೆ ಜೇನು ಬೇಕಿಲ್ಲ, ಆದರೂ ಹೂ ಬರುವ ಹೊತ್ತಿಗೆ ತೆಗೆಯಿರಿ. ಕೋಲು ಕಟ್ಟಬೇಕಲ್ಲ, ಬಿಸಿಯೂ ಜಾಸ್ತಿಯಾಗುತ್ತದೆ. ತೆಗೆಯೋದು ಸಂಜೆ ಹೊತ್ತು. ನೆರಳಲ್ಲಿ ಬೆಳೆದ ಎಲೆಗೆ ಉರಿಬಿಸಿಲು ಒಮ್ಮೆಲೇ ಬಿದ್ದರೆ ಬಾಡುತ್ತದೆ.

ಇನ್ನೊಂದು ಎಚ್ಚರ. ನರ್ಸರಿಯಿಂದಲೇ ಹೇನು ಹತ್ತಿದ ಸಸಿ ತಂದು ಕವರ್ ಮುಚ್ಚಿದಿರೋ, ಹುಳಕ್ಕೆ ಮನೆ ಕಟ್ಟಿಕೊಟ್ಟ ಹಾಗೆ. ಹೇನು ತಿನ್ನುವ ಗುಲಗಂಜಿ ಹುಳವೂ ಹೊರಗೇ ಉಳಿಯಿತಲ್ಲ. ಸಸಿಯ ಎಲೆ ತಿರುವಿ ನೋಡಿ ನಾಟಿ ಮಾಡಿ. ನಾಟಿಯ ದಿನವೇ ಕವರ್ ಹಾಕಿ, "ನಾಳೆ ಹಾಕೋಣ" ಅನ್ನಬೇಡಿ. ಅಂಚು ಎರಡೂ ಕಡೆ ಮಣ್ಣಲ್ಲಿ ಹೂತಿರಬೇಕು. ವಾರಕ್ಕೆರಡು ಸಲ ಒಂದು ತುದಿ ಎತ್ತಿ ಒಳಗೆ ಇಣುಕಿ.

ಖರ್ಚು? ಎಕರೆಗೆ ಅದೇ 2,700 ಮೀಟರ್, ಎರಡು ಮೀಟರ್‌ಗೊಂದರಂತೆ 1,350 ಕಮಾನು. ನಾಲ್ಕು ಮಿ.ಮೀ. ತಂತಿಯಲ್ಲಿ ಎರಡು ಮೀಟರ್ ಕಮಾನು ಒಂದಕ್ಕೆ 200 ಗ್ರಾಂ ತೂಗುತ್ತದೆ. ಒಟ್ಟು 270 ಕೆ.ಜಿ. ಕೆ.ಜಿ.ಗೆ 90 ರೂಪಾಯಿ ಹಿಡಿದರೂ 24 ಸಾವಿರ ದಾಟಿತು. ಬಟ್ಟೆಗಿಂತ ಕಮಾನಿಗೇ ಜಾಸ್ತಿ. ತಂತಿ ವರ್ಷಗಟ್ಟಲೆ ಬಾಳುತ್ತದೆ, ಬಟ್ಟೆ ಒಂದು ಬೆಳೆ, ಜೋಪಾನ ಮಾಡಿದರೆ ಎರಡು. ಮನೆ ಹತ್ತಿರ ಬಿದಿರು ಇದ್ದವರು ಸೀಳಿಕೊಂಡರೆ ಮೊದಲ ವರ್ಷದ ಹೊರೆ ಇಳಿಯುತ್ತದೆ. ತುದಿಯ ಸಿಬಿರು ಉಜ್ಜಿ ನುಣ್ಣಗೆ ಮಾಡಿ, ಇಲ್ಲದಿದ್ದರೆ ಮೊದಲ ಗಾಳಿಗೇ ಬಟ್ಟೆ ಹರಿಯುತ್ತದೆ.

ಬಟ್ಟೆಯ ಬದಲು 40 ಅಥವಾ 50 ಮೆಶ್ (ಇಂಚಿಗೆ ಅಷ್ಟು ಕಣ್ಣು) ಕೀಟಬಲೆ ಹಾಕುವವರಿದ್ದಾರೆ. ಹಲವು ವರ್ಷ ಬರುತ್ತದೆ, ಗಾಳಿ ಚೆನ್ನಾಗಿ ಆಡುತ್ತದೆ. ಬಿಳಿನೊಣ ಬಹುಮಟ್ಟಿಗೆ ನಿಲ್ಲುತ್ತದೆ, ಥ್ರಿಪ್ಸ್ ನುಸುಳುತ್ತದೆ. ಎಕರೆಗಟ್ಟಲೆ ಹಾಕೋಕೆ ದುಬಾರಿ. ಹತ್ತು ಗುಂಟೆಯಲ್ಲಿ ಎಲೆಕೋಸು, ಮೂಲಂಗಿ, ಸೊಪ್ಪು ಬೆಳೆದು ಔಷಧಿ ಹೊಡೆಯದೆ ಮಾರುವವರಿಗೆ ಇದೇ ಒಳ್ಳೆಯದು. ಹೂವಿನ ಚಿಂತೆ ಇಲ್ಲದ ಬೆಳೆ, ಕೊಯ್ಲಿನವರೆಗೂ ಮುಚ್ಚಿಡಬಹುದು. ಬೇಸಿಗೆಯಲ್ಲಿ ಕೊತ್ತಂಬರಿ, ಪಾಲಕ್‌ಗೆ ಅದೇ ಕಮಾನಿನ ಮೇಲೆ ನೆರಳುಬಲೆ ಎಳೆದರೆ ಆಯಿತು.

ಆಲಿಕಲ್ಲು ಬಿದ್ದರೆ ಈ ತೆಳು ಬಟ್ಟೆ ಯಾವುದನ್ನೂ ಕಾಯಲ್ಲ. ಅದಕ್ಕೆ ಅಂತ ಕೊಳ್ಳಬೇಡಿ.

ಹಾಗಾದರೆ ನೀವು ಯಾವುದು ತಗೋಬೇಕು

ಡ್ರಿಪ್ ಇದೆ, ಆಳಿನ ಕೊರತೆ, ಜೂನ್-ಜುಲೈ ನಾಟಿಯ ಟೊಮೆಟೊ: ಬೆಳ್ಳಿ-ಕಪ್ಪು ಪೇಪರ್ ಹಾಕಿ, ಬೆಡ್ ಒಂದಡಿ ಎತ್ತರ ಮಾಡಿ, ಟನಲ್ ಬಿಟ್ಟುಬಿಡಿ. ಮಳೆಗಾಲದಲ್ಲಿ ಬಿಳಿನೊಣದ ಕಾಟ ಬೇಸಿಗೆಯಷ್ಟಿಲ್ಲ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್‌ನಂಥ, ಎಲೆ ಮುದುಡು ವೈರಸ್ ತಡೆಯುವ ತಳಿ ಹಾಕಿದರೆ ಟನಲ್‌ನ ಅವಶ್ಯಕತೆ ಇನ್ನೂ ಕಡಿಮೆ.

ಜನವರಿಯಿಂದ ಮಾರ್ಚ್‌ವರೆಗೆ ಟೊಮೆಟೊ, ಮೆಣಸಿನಕಾಯಿ ಅಥವಾ ಕಲ್ಲಂಗಡಿ ನಾಟಿ, ಹೋದ ವರ್ಷ ವೈರಸ್ ಕಂಡ ಊರು: ಪೇಪರ್ ಮತ್ತು ಕ್ರಾಪ್ ಕವರ್ ಎರಡೂ. ಇಲ್ಲಿ ಜಿಪುಣತನ ಬೇಡ. ದುಡ್ಡು ಒಂದಕ್ಕೇ ಸಾಲುತ್ತದೆ ಅಂದರೆ, ಎರಡು ಎಕರೆ ಬದಲು ಒಂದೇ ಎಕರೆ ಹಾಕಿ, ಎರಡೂ ಮಾಡಿ. ಟೊಮೆಟೊ ದರ ನಂಬಿ ಲೆಕ್ಕ ಹಾಕಬೇಡಿ. 2023ರ ಜುಲೈನಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕೆ.ಜಿ. ಬಾಕ್ಸ್ 2,000 ರೂಪಾಯಿ ದಾಟಿದ್ದು ನಿಜ. ಕೊಯ್ಲಿನ ಕೂಲಿಯೂ ಹುಟ್ಟದೆ ಹಣ್ಣನ್ನು ರಸ್ತೆಗೆ ಸುರಿದ ವರ್ಷಗಳನ್ನೂ ಇದೇ ಕಣ್ಣಲ್ಲಿ ನೋಡಿದ್ದೇವೆ. ಕಡಿಮೆ ದರ ಹಿಡಿದೂ ಖರ್ಚು ಹುಟ್ಟುತ್ತಾ ಅಂತ ನೋಡಿ.

ಡ್ರಿಪ್ ಇಲ್ಲ, ಹುಲ್ಲು-ತರಗು ಮನೆಯದೇ ಇದೆ, ಬದನೆ-ಬೆಂಡೆ ಬೆಳೆ: ಹುಲ್ಲೇ ಸಾಕು. ಉಳಿದ ದುಡ್ಡನ್ನು ಡ್ರಿಪ್‌ಗೆ ಎತ್ತಿಡಿ.

ಮನೆ ಹಿತ್ತಿಲು, ನಾಲ್ಕು ಸಾಲು: ತೆಂಗಿನ ಗರಿ, ಒಣ ಎಲೆ ಹಾಸಿ. ಹಳೆ ಸೊಳ್ಳೆಪರದೆ ಇದ್ದರೆ ಬಿದಿರು ಬಗ್ಗಿಸಿ ಎಲೆಕೋಸಿನ ಮೇಲೆ ಹೊದಿಸಿ, ಚಿಟ್ಟೆ ಬಂದು ಮೊಟ್ಟೆ ಇಡೋದು ತಪ್ಪುತ್ತದೆ. ಬಿಳಿನೊಣಕ್ಕೆ ಆ ಕಣ್ಣು ದೊಡ್ಡದಾಯಿತು.

ಪೇಪರ್ ಹಾಕುವವರಿಗೆ ಇನ್ನೊಂದು ಮಾತು. ಕೊಳ್ಳುವಾಗಲೇ ಕೀಳುವ ಕೂಲಿಯನ್ನೂ ಲೆಕ್ಕಕ್ಕೆ ಸೇರಿಸಿ. ಬೆಳೆ ಮುಗಿದ ಮೇಲೆ ಗಿಡ ಬುಡದಲ್ಲಿ ಕೊಯ್ದು, ಡ್ರಿಪ್ ಪೈಪ್ ಎಳೆದು, ಮಣ್ಣು ಸ್ವಲ್ಪ ತೇವ ಇರುವಾಗ ಅಂಚು ಬಿಡಿಸಿ ಸುತ್ತಿಕೊಂಡು ಬನ್ನಿ. ಗದ್ದೆ ಬದುವಿನಲ್ಲಿ ಬೆಂಕಿ ಇಡಬೇಡಿ, ರೋಟವೇಟರ್ ಹೊಡೆದು ಮಣ್ಣಿಗೆ ಬೆರೆಸಲಂತೂ ಬೇಡಿ. ನಮ್ಮ ಪಕ್ಕದ ಹೊಲದವರು ಒಮ್ಮೆ ಹಾಗೆ ಮಾಡಿದರು. ನಾಲ್ಕು ವರ್ಷ ಆಯಿತು, ಈಗಲೂ ಉತ್ತಾಗಲೆಲ್ಲ ಬೆಳ್ಳಿ ಚೂರು ಮೇಲೆದ್ದು ಬಿಸಿಲಿಗೆ ಮಿನುಗುತ್ತವೆ.